ಗಿರಣಿಯ ಲೆಕ್ಕ, ಮಗ್ಗದ ತೂಕ

ಅಕ್ಟೋಬರ್ ಕೊನೆಗೆ ಚಳ್ಳಕೆರೆಯ ಎಪಿಎಂಸಿ ಪ್ರಾಂಗಣಕ್ಕೆ ಹೊಸ ಶೇಂಗಾ ಬರತೊಡಗುತ್ತದೆ. ದಲ್ಲಾಳಿ ಅಂಗಡಿಗಳ ಮುಂದೆಲ್ಲ ರಾಶಿ. ಎಣ್ಣೆ ಗಿರಣಿಯವರು ರಾಶಿಯೊಳಗೆ ಮೊಣಕೈವರೆಗೂ ಕೈ ಇಳಿಸಿ, ಮೇಲಿನದ್ದನ್ನು ಬಿಟ್ಟು ತಳದ ಒಂದು ಹಿಡಿ ಕಾಯಿ ಎತ್ತುತ್ತಾರೆ. ಸಿಪ್ಪೆ ಒಡೆದು, ಅಂಗೈಯಲ್ಲಿ ಉಜ್ಜಿ ಊದಿ, ಜೊಳ್ಳೆಷ್ಟು ಗಟ್ಟಿಯೆಷ್ಟು ನೋಡುತ್ತಾರೆ. ಒಂದು ಬೀಜ ಹಲ್ಲಿಗೆ ಕೊಟ್ಟು ಕಡಿದರೆ ತೇವ ತಿಳಿಯುತ್ತದೆ. ಆಮೇಲೆ ಟೆಂಡರ್ ದರ. ಇಷ್ಟಕ್ಕೆ ಎರಡು ಮೂರು ನಿಮಿಷ ಸಾಕು. ಆದರೆ ಸುಗ್ಗಿಯುದ್ದಕ್ಕೂ ಹೀಗೆ ಬರೆದ ದರಗಳ ಮೇಲೇ ಆ ಗಿರಣಿಯ ವರ್ಷದ ಹಣೆಬರಹ ನಿಂತಿರುತ್ತದೆ.

ಆ ದರ ಎಲ್ಲಿಂದ ಬಂತು? ಅನುಭವದಿಂದ ಎನ್ನುತ್ತಾರೆ. ಅದು ಸುಳ್ಳಲ್ಲ. ಆದರೆ ಅನುಭವದ ಒಳಗೂ ಒಂದು ಲೆಕ್ಕ ಇರುತ್ತದೆ, ಅದನ್ನು ಬಿಡಿಸಿ ನೋಡುವುದು ಒಳ್ಳೆಯದು. ಉದಾಹರಣೆಗೆ ಕೆಲವು ಅಂಕಿ ಹಿಡಿಯೋಣ. ಇವು ಇವತ್ತಿನ ಪೇಟೆ ಧಾರಣೆಯಲ್ಲ, ಲೆಕ್ಕದ ಅನುಕೂಲಕ್ಕೆ ಇಟ್ಟುಕೊಂಡವು. ಕ್ವಿಂಟಲ್ ಕಾಯಿಗೆ 5,200 ರೂಪಾಯಿ. ಹಮಾಲಿ, ಸಾಗಣೆ, ಕರೆಂಟು, ಕೂಲಿ, ಬಡ್ಡಿ ಸೇರಿ 300. ಗಿರಣಿಗೆ ಬಿದ್ದ ಖರ್ಚು 5,500. ರಾಶಿ ಚೆನ್ನಾಗಿದ್ದರೆ ಕ್ವಿಂಟಲ್ ಕಾಯಿ ಒಡೆದಾಗ 68 ಕಿಲೋ ಬೀಜ, 30 ಕಿಲೋ ಹೊಟ್ಟು, ಉಳಿದದ್ದು ಮಣ್ಣು ಧೂಳು. ಆ ಬೀಜದಿಂದ 28.5 ಕಿಲೋ ಎಣ್ಣೆ, 38.5 ಕಿಲೋ ಹಿಂಡಿ. ಎಣ್ಣೆಗೆ ಕಿಲೋಗೆ 140, ಹಿಂಡಿಗೆ 40, ಹೊಟ್ಟಿಗೆ 4 ರೂಪಾಯಿ ಸಿಕ್ಕರೆ ಕೈಗೆ ಬರುವುದು 5,650. ಕ್ವಿಂಟಲಿಗೆ 150 ರೂಪಾಯಿ ಲಾಭ.

ಈಗ ಪಕ್ಕದ ರಾಶಿ. ನೋಡಲು ಅದೇ ಬಣ್ಣ, ಅದೇ ದರಕ್ಕೆ ಟೆಂಡರ್ ಆಗಿದೆ. ಬೀಜ 66 ಕಿಲೋ ಬಂತು, ಎಣ್ಣೆ 26.5 ಕಿಲೋ. ಹಿಂಡಿ ಅಷ್ಟೇ, ಹೊಟ್ಟು 32 ಕಿಲೋ. ಒಟ್ಟು 5,378. ಕ್ವಿಂಟಲಿಗೆ 122 ರೂಪಾಯಿ ನಷ್ಟ. ದಿನಕ್ಕೆ ನೂರು ಕ್ವಿಂಟಲ್ ಅರೆಯುವ ಗಿರಣಿಯಲ್ಲಿ ಮೊದಲ ರಾಶಿಯ ಮಾಲು 15,000 ಕೊಡುತ್ತದೆ, ಎರಡನೆಯದು 12,200 ತಿನ್ನುತ್ತದೆ. ನಡುವೆ ಇರುವುದು ಎರಡು ಕಿಲೋ ಎಣ್ಣೆ ಮಾತ್ರ.

ಈ ಎರಡು ಕಿಲೋ ಯಾವ ಪುಸ್ತಕದಲ್ಲಿ ಬರೆದಿದೆ ಎಂದು ಕೇಳಿ ನೋಡಬೇಕು. ಇವತ್ತು ಚಳ್ಳಕೆರೆಯಲ್ಲಿ ಕಂಪ್ಯೂಟರ್ ಇಲ್ಲದ ಗಿರಣಿ ಹುಡುಕಬೇಕಾದೀತು. ಖರೀದಿ ಬಿಲ್ಲು, ಮಾರಾಟದ ಬಿಲ್ಲು, ಇ-ವೇ ಬಿಲ್ಲು, ಬ್ಯಾಂಕಿನ ಜಮಾ-ಖರ್ಚು ಎಲ್ಲವೂ ಅದರಲ್ಲಿದೆ. ಆದರೆ ಯಾವ ದಿನದ, ಯಾವ ಕಡೆಯ, ಯಾವ ತಳಿಯ ಕಾಯಿಗೆ ಎಷ್ಟು ಇಳುವರಿ ಬಂತು ಎನ್ನುವುದು ಸಾಮಾನ್ಯವಾಗಿ ಗಿರಣಿಯ ಮೇಸ್ತ್ರಿಯ ಜೇಬಿನ ಪುಸ್ತಕದಲ್ಲಿರುತ್ತದೆ, ಇಲ್ಲವೇ ಅವನ ತಲೆಯಲ್ಲಿ. ಟಿಎಂವಿ-2, ಕೆ-6, ಕದಿರಿ ಲೇಪಾಕ್ಷಿ ಎಂದು ತಳಿಗಳು ಬದಲಾಗುತ್ತಿವೆ. ಒಂದು ವರ್ಷ ಕೊಯ್ಲಿಗೆ ಮಳೆ, ಇನ್ನೊಂದು ವರ್ಷ ಕಾಯಿ ಕಟ್ಟುವಾಗಲೇ ಬರ. ಹೋದ ಸುಗ್ಗಿಯ ಅಂದಾಜು ಈ ಸುಗ್ಗಿಗೆ ಹೊಂದುವುದಿಲ್ಲ. ದರ ಬರೆಯುವವರಿಗೆ ನಿಜವಾಗಿ ಬೇಕಾದ ಮಾಹಿತಿ ಕಂಪ್ಯೂಟರಿನ ಹೊರಗಿದೆ. ಕಂಪ್ಯೂಟರಿನಲ್ಲಿ ಇರುವುದು ತೆರಿಗೆಯವರಿಗೆ ಬೇಕಾದ್ದು.

ಇದಕ್ಕೆ ಕಾರಣ ಇದೆ. ಲೆಕ್ಕ ಬರೆಯುವುದು ನಮ್ಮಲ್ಲಿ ಹೊಸದೇನಲ್ಲ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಮಡಿಕೆ ಮಾಡಿದ ಕಪ್ಪು ಕಡತಗಳ ಮೇಲೆ ಬಳಪದಿಂದ ಲೆಕ್ಕ ಬರೆದ ವ್ಯಾಪಾರಿಗಳ ನಾಡು ಇದು. ಆಮೇಲೆ ಕಿರ್ದಿ, ಖಾತೆ ಪುಸ್ತಕ ಬಂದವು. ದೀಪಾವಳಿಗೆ ಹೊಸ ಪುಸ್ತಕಕ್ಕೆ ಕುಂಕುಮ ಹಚ್ಚಿ ಪೂಜೆ ಮಾಡುವುದು ಈಗಲೂ ನಡೆದಿದೆ. ಆ ಪುಸ್ತಕಗಳು ಉತ್ತರ ಕೊಡುತ್ತಿದ್ದ ಪ್ರಶ್ನೆ ಮುಖ್ಯವಾಗಿ ಒಂದೇ: ಯಾರಿಂದ ಬರಬೇಕು, ಯಾರಿಗೆ ಕೊಡಬೇಕು. ಉದ್ರಿ ವ್ಯಾಪಾರದ ಊರಿಗೆ ಅಷ್ಟು ಸಾಕಿತ್ತು. ಕಂಪ್ಯೂಟರ್ ಬಂದಾಗಲೂ ಅದೇ ಪುಸ್ತಕವನ್ನು ಪರದೆಯ ಮೇಲೆ ಬರೆದುಕೊಂಡೆವು.

ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ ಹುಟ್ಟಿದ ಕಥೆ ಇಲ್ಲಿ ಪ್ರಸ್ತುತ. ಬೆಂಗಳೂರಿನ ಈ ಕಂಪನಿಯನ್ನು 1986ರಲ್ಲಿ ಶ್ಯಾಮ್ ಸುಂದರ್ ಗೋಯೆಂಕಾ ಮತ್ತು ಮಗ ಭರತ್ ಗೋಯೆಂಕಾ ಶುರು ಮಾಡಿದರು. ತಂದೆಯದು ಬಟ್ಟೆ ಗಿರಣಿಗಳಿಗೂ ಕಾರ್ಖಾನೆಗಳಿಗೂ ಕಚ್ಚಾ ಸಾಮಗ್ರಿ, ಯಂತ್ರದ ಬಿಡಿಭಾಗ ಪೂರೈಸುವ ವ್ಯಾಪಾರ. ತನ್ನ ಲೆಕ್ಕಕ್ಕೆ ಒಗ್ಗುವ ಸಾಫ್ಟ್‌ವೇರ್ ಎಲ್ಲೂ ಸಿಗದೆ ಮಗನಿಗೆ ನೀನೇ ಬರೆದುಕೊಡು ಎಂದರಂತೆ. ಅಂದರೆ ಅದು ಹುಟ್ಟಿದ್ದು ಒಬ್ಬ ವ್ಯಾಪಾರಿಯ ಅಗತ್ಯಕ್ಕೆ, ತೆರಿಗೆ ಇಲಾಖೆಯ ನೋಟಿಸಿಗಲ್ಲ. ಸಣ್ಣ ಊರುಗಳ ಅಂಗಡಿ ಅಂಗಡಿಗೂ ಅದು ಹೊಕ್ಕಿದ್ದು ಮಾತ್ರ 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ. ತಿಂಗಳು ತಿಂಗಳು ರಿಟರ್ನ್ ಸಲ್ಲಿಸದಿದ್ದರೆ ದಂಡ, ಬಿಲ್ಲು ಹೊಂದದಿದ್ದರೆ ಇನ್‌ಪುಟ್ ಕ್ರೆಡಿಟ್ ಇಲ್ಲ. ಹಾಗಾಗಿ ಸಾಫ್ಟ್‌ವೇರ್ ಎಂದರೆ ಜಿಎಸ್‌ಟಿ ಎಂದೇ ಆಯಿತು. ಅದರೊಳಗೇ ಇರುವ ಗೋದಾಮುವಾರು ದಾಸ್ತಾನು, ಬ್ಯಾಚುವಾರು ಲೆಕ್ಕ, ಕಚ್ಚಾ ಮಾಲು ಹಾಕಿ ಸಿದ್ಧ ಮಾಲು ತೆಗೆಯುವ ತಯಾರಿಕಾ ನಮೂದು ಇವನ್ನೆಲ್ಲ ಮುಟ್ಟಿದವರು ಕಡಿಮೆ. ಹೋದ ವರ್ಷ ಲಾಭ ಆಯ್ತಾ ಅಂತ ಕೇಳಿದರೆ ಗಿರಣಿಯವರ ಬಾಯಲ್ಲಿ ಬರುವ ಉತ್ತರ, “ಆಡಿಟರ್ ಇನ್ನೂ ಹೇಳಿಲ್ಲ ಸಾರ್.”

ವ್ಯಾಪಾರದಲ್ಲಿ ಕಂಪ್ಯೂಟರಿನ ಮೊದಲ ದಿನಗಳನ್ನು ನೋಡಿದರೆ ಇದು ವಿಚಿತ್ರ ಎನಿಸುತ್ತದೆ. ಇಂಗ್ಲೆಂಡಿನಲ್ಲಿ ಚಹಾದಂಗಡಿಗಳ ಸಾಲನ್ನೇ ನಡೆಸುತ್ತಿದ್ದ ಜೆ. ಲಯನ್ಸ್ ಕಂಪನಿ ‘ಲಿಯೋ’ ಎಂಬ ಕಂಪ್ಯೂಟರನ್ನು ತಾನೇ ಕಟ್ಟಿಕೊಂಡಿತು. ವ್ಯಾಪಾರದ ದೈನಂದಿನ ಕೆಲಸಕ್ಕೆ ಬಳಕೆಯಾದ ಮೊದಲ ಕಂಪ್ಯೂಟರ್ ಅದು ಎನ್ನುತ್ತಾರೆ. 1951ರ ನವೆಂಬರಿನಲ್ಲಿ ಅದು ಮಾಡಿದ ಮೊದಲ ಕೆಲಸ ತೆರಿಗೆ ಲೆಕ್ಕವಲ್ಲ, ಸಂಬಳದ ಪಟ್ಟಿಯೂ ಅಲ್ಲ. ಬೇಕರಿಗಳಲ್ಲಿ ತಯಾರಾದ ಬ್ರೆಡ್ಡು, ಕೇಕುಗಳ ವೆಚ್ಚ ಎಷ್ಟು, ಮೌಲ್ಯ ಎಷ್ಟು ಎಂದು ವಾರವಾರವೂ ಹೇಳುವುದು. ಹಿಟ್ಟು ಹೋದದ್ದೆಷ್ಟು, ಬ್ರೆಡ್ಡು ಬಂದದ್ದೆಷ್ಟು. ಚಳ್ಳಕೆರೆಯ ಗಿರಣಿಯ ಪ್ರಶ್ನೆಯೂ ಅದೇ ಅಲ್ಲವೇ?

ಲೆಕ್ಕಪತ್ರ ಮಾಹಿತಿ ವ್ಯವಸ್ಥೆ ಎಂದು ಪಠ್ಯಪುಸ್ತಕಗಳು ದೊಡ್ಡ ಹೆಸರಿಟ್ಟು ಕರೆಯುವುದರ ತಿರುಳು ಇಷ್ಟೇ. ವ್ಯವಹಾರ ನಡೆದ ಜಾಗದಲ್ಲೇ, ನಡೆದ ಹೊತ್ತಿನಲ್ಲೇ ಬರೆದುಕೊಳ್ಳಬೇಕು. ಬರೆದದ್ದನ್ನು ಒಂದಕ್ಕೊಂದು ಜೋಡಿಸಬೇಕು. ಮುಂದಿನ ನಿರ್ಧಾರ ತೆಗೆದುಕೊಳ್ಳುವವನ ಕೈಗೆ ಅದು ಹೊತ್ತಿಗೆ ಮುಂಚೆ ಸಿಗಬೇಕು. ನಡುವಿನ ಜೋಡಿಸುವ ಕೆಲಸವನ್ನು ಯಂತ್ರ ಚೆನ್ನಾಗಿ ಮಾಡುತ್ತದೆ. ಮೊದಲನೆಯದೂ ಕೊನೆಯದೂ ಮನುಷ್ಯರ ಕೆಲಸ, ನಾವು ಎಡವುವುದೂ ಅಲ್ಲೇ. ತೂಕದ ಕಾಟಾದ ಹತ್ತಿರ ನಿಂತು ಬೀಜ ಎಷ್ಟು, ಎಣ್ಣೆ ಎಷ್ಟು, ಹಿಂಡಿ ಎಷ್ಟು ಎಂದು ರಾಶಿವಾರು ಬರೆಯುವ ಹುಡುಗ ಇಲ್ಲದಿದ್ದರೆ ಲಕ್ಷ ರೂಪಾಯಿಯ ಸಾಫ್ಟ್‌ವೇರೂ ಬಿಲ್ಲಿನ ಯಂತ್ರವೇ.

ಇನ್ನೊಂದು ಗುಟ್ಟೂ ಇದೆ, ಪೇಟೆಯಲ್ಲಿ ಎಲ್ಲರಿಗೂ ಗೊತ್ತಿರುವ ಗುಟ್ಟು. ಬ್ಯಾಂಕಿನಲ್ಲಿ ಸಿ.ಸಿ. (ಕ್ಯಾಶ್ ಕ್ರೆಡಿಟ್) ಖಾತೆ ಇದ್ದವರು ಪ್ರತಿ ತಿಂಗಳೂ ದಾಸ್ತಾನಿನ ಪಟ್ಟಿ ಕೊಡಬೇಕು. ದಾಸ್ತಾನು ಹೆಚ್ಚಿದ್ದಷ್ಟೂ ಹಣ ಎತ್ತುವ ಮಿತಿ ಹೆಚ್ಚು. ತೆರಿಗೆಯ ಲೆಕ್ಕಕ್ಕೆ ಅದೇ ದಾಸ್ತಾನು ಕಡಿಮೆ ಕಂಡರೆ ಲಾಭ ಕಡಿಮೆ. ಹೀಗೆ ಬ್ಯಾಂಕಿಗೊಂದು, ಇಲಾಖೆಗೊಂದು, ಮನೆಗೊಂದು ಎಂದು ಲೆಕ್ಕ ಮೂರಾಗುತ್ತದೆ. ನೀತಿಯ ಮಾತು ಹಾಗಿರಲಿ, ಇದರಿಂದ ವ್ಯಾಪಾರಕ್ಕೇ ಆಗುವ ಪೆಟ್ಟು ಬೇರೆ. ಮೂರು ಪುಸ್ತಕ ಇಟ್ಟವನಿಗೆ ಕೊನೆಗೆ ತನ್ನ ಗೋದಾಮಿನಲ್ಲಿ ನಿಜವಾಗಿ ಏನಿದೆ ಎಂಬುದು ಗೋದಾಮಿಗೆ ಹೋಗಿ ಚೀಲ ಎಣಿಸಿದರೇ ತಿಳಿಯುವುದು.

ಎಣಿಸುವಷ್ಟು ಪುರಸೊತ್ತು ಪೇಟೆ ಕೊಡುವುದಿಲ್ಲ. 2024ರ ಸೆಪ್ಟೆಂಬರ್ 14ರಂದು ಕೇಂದ್ರ ಸರ್ಕಾರ ಕಚ್ಚಾ ಪಾಮ್, ಸೋಯಾ, ಸೂರ್ಯಕಾಂತಿ ಎಣ್ಣೆಗಳ ಆಮದು ಸುಂಕವನ್ನು ಸೆಸ್ಸೆಲ್ಲ ಸೇರಿ ಶೇ 5.5ರಿಂದ ಶೇ 27.5ಕ್ಕೆ ಏರಿಸಿತು. 2025ರ ಮೇ 30ರಂದು ಅದೇ ಸುಂಕವನ್ನು ಶೇ 16.5ಕ್ಕೆ ಇಳಿಸಿತು. ಎಂಟೂವರೆ ತಿಂಗಳಲ್ಲಿ ಎರಡು ಸಲ ನೆಲ ಅಲುಗಿತು. ಶೇಂಗಾ ಎಣ್ಣೆಗೆ ಈ ಸುಂಕ ನೇರವಾಗಿ ತಾಗದು, ಆದರೆ ಅಡುಗೆಮನೆಯಲ್ಲಿ ಒಂದು ಎಣ್ಣೆ ಅಗ್ಗವಾದರೆ ಇನ್ನೊಂದರ ಗಿರಾಕಿ ಜಾರುತ್ತಾನೆ. ಚಳ್ಳಕೆರೆಗೆ ಇದು ಹೊಸ ಪಾಠವಲ್ಲ. ಎಣ್ಣೆ ಗಿರಣಿಗಳ ಭರಾಟೆಯಿಂದ ‘ಎರಡನೇ ಮುಂಬೈ’ ಅನ್ನಿಸಿಕೊಂಡಿದ್ದ ಊರು ಇದು. 1994ರಲ್ಲಿ ಪಾಮೊಲಿನ್ ಆಮದಿಗೆ ಬಾಗಿಲು ತೆರೆದ ಮೇಲೆ ಅಗ್ಗದ ಎಣ್ಣೆಯ ಎದುರು ಶೇಂಗಾ ಗಿರಣಿಗಳು ಸೊರಗಿದವು. ಎಷ್ಟೋ ಗಿರಣಿಗಳ ಚಿಮಣಿ ತಣ್ಣಗಾಯಿತು. ಮಳೆ, ಬೆಳೆ, ಆಮದು ನೀತಿ ಇವೇ ಕಾರಣ; ಲೆಕ್ಕ ಚೆನ್ನಾಗಿ ಬರೆದಿದ್ದರೆ ಊರು ಉಳಿಯುತ್ತಿತ್ತು ಎಂದು ಹೇಳುವಷ್ಟು ಮೊಂಡುತನ ನನಗಿಲ್ಲ. ಆದರೆ ಸುಂಕ ಇಳಿದ ದಿನ ಸಂಜೆಯೇ, ನನ್ನ ಟ್ಯಾಂಕಿನಲ್ಲಿರುವ ಎಣ್ಣೆ ಕಿಲೋಗೆ ಇಷ್ಟಕ್ಕೆ ಬಿದ್ದದ್ದು, ಇಷ್ಟಕ್ಕಿಂತ ಕೆಳಗೆ ಹೋದರೆ ಅಸಲೇ ಹೋಗುತ್ತದೆ ಎಂದು ಹೇಳಬಲ್ಲವನು ನಾಳೆಯೇ ಮಾರಬೇಕೋ ಕಾಯಬೇಕೋ ತೀರ್ಮಾನಿಸಬಲ್ಲ. ಮಾರ್ಚ್ ಕಳೆದ ಮೇಲೆ ಗೊತ್ತಾದವನಿಗೆ ಅದು ಬರೀ ಸುದ್ದಿ.

ಗಿರಣಿ ನಿಲ್ಲಿಸಬೇಕೋ ನಡೆಸಬೇಕೋ ಎಂಬುದಂತೂ ಪೂರ್ತಿ ಲೆಕ್ಕದ ಪ್ರಶ್ನೆ. ಬಾಡಿಗೆ, ವಿಮೆ, ಕಾವಲುಗಾರನ ಸಂಬಳ, ಕರೆಂಟಿನ ನಿಗದಿತ ಶುಲ್ಕ ಇವು ಗಿರಣಿ ತಿರುಗಲಿ ಬಿಡಲಿ ಬೀಳುವ ಖರ್ಚು. ಕಾಯಿ, ಕೂಲಿ, ತಿರುಗಿದಷ್ಟು ಹೊತ್ತಿನ ಕರೆಂಟು ಅರೆದಷ್ಟಕ್ಕೆ ಬೀಳುವ ಖರ್ಚು. ಎಲ್ಲವನ್ನೂ ಒಂದೇ ಗಂಟಿಗೆ ಕಟ್ಟಿ ನಷ್ಟ ಎಂದುಕೊಂಡು ಬಾಗಿಲು ಹಾಕಿದವರುಂಟು. ಬಿಡಿಸಿ ನೋಡಿದ್ದರೆ, ಅರೆದ ಪ್ರತಿ ಕ್ವಿಂಟಲೂ ಬಾಡಿಗೆಯ ಒಂದು ಪಾಲನ್ನಾದರೂ ಹೊರುತ್ತಿದೆ, ನಿಲ್ಲಿಸಿದರೆ ನಷ್ಟ ಇನ್ನೂ ಹೆಚ್ಚು ಎಂದು ಕಾಣುತ್ತಿತ್ತು. ಇದರ ತಿರುಗುಮುರುಗೂ ಆಗುತ್ತದೆ. ವಹಿವಾಟು ದೊಡ್ಡದು, ನಗದು ಓಡಾಡುತ್ತಿದೆ ಎಂಬ ಭ್ರಮೆಯಲ್ಲಿ ಅರೆದಷ್ಟೂ ಕಳೆದುಕೊಳ್ಳುವ ಗಿರಣಿ.

ಚಳ್ಳಕೆರೆಯಿಂದ ಬಳ್ಳಾರಿ ದಾರಿ ಹಿಡಿದು ಉತ್ತರಕ್ಕೆ ಹೋದರೆ ಮೊಳಕಾಲ್ಮುರು. ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳಿವೆ, ಪಟ್ಟಣದಲ್ಲಿ ಕುಣಿಮಗ್ಗಗಳಿವೆ. ಇಲ್ಲಿನ ರೇಷ್ಮೆ ಸೀರೆಗೆ 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು. ಸೀರೆಯ ಚೆಲುವಿನ ಬಗ್ಗೆ ಬರೆದವರು ಬೇಕಾದಷ್ಟಿದ್ದಾರೆ. ಅದರ ವೆಚ್ಚದ ಬಗ್ಗೆ ಬರೆದವರು ಕಡಿಮೆ.

ಕಚ್ಚಾ ರೇಷ್ಮೆ ನೂಲಿನ ಮೇಲೆ ಸೆರಿಸಿನ್ ಎಂಬ ಅಂಟು ಇರುತ್ತದೆ. ಬಣ್ಣ ಹಾಕುವ ಮುಂಚೆ ಸೋಪು, ಸೋಡಾ ಹಾಕಿದ ನೀರಿನಲ್ಲಿ ಕುದಿಸಿ ಅದನ್ನು ತೆಗೆಯಬೇಕು. ನೂಲು ಮೆತ್ತಗಾಗುತ್ತದೆ, ಹೊಳಪು ಬರುತ್ತದೆ, ತೂಕದಲ್ಲಿ ಸುಮಾರು ಕಾಲು ಭಾಗ ಹೋಗುತ್ತದೆ. ಇಲ್ಲೂ ಉದಾಹರಣೆಗೆ ಒಂದು ಅಂಕಿ ಹಿಡಿಯೋಣ. ಕಿಲೋ ನೂಲಿಗೆ 5,000 ರೂಪಾಯಿ ಕೊಟ್ಟು ತಂದಿರಿ. ಕುದಿಸಿದ ಮೇಲೆ ಕೈಯಲ್ಲಿ ಉಳಿಯುವುದು 750 ಗ್ರಾಂ. ಅಂದರೆ ಕಿಲೋಗೆ 6,667 ಬಿತ್ತು. ಒಂದು ಸೀರೆಗೆ 450 ಗ್ರಾಂ ರೇಷ್ಮೆ ಹಿಡಿದರೆ ರೇಷ್ಮೆಯ ಖರ್ಚು 3,000. ಖರೀದಿ ಬಿಲ್ಲು ನೋಡಿ ಕಿಲೋಗೆ 5,000 ಎಂದೇ ಲೆಕ್ಕ ಹಾಕಿದವನು 2,250 ಎಂದು ತಿಳಿಯುತ್ತಾನೆ. ಒಂದು ಸೀರೆಯ ಮೇಲೆ 750 ರೂಪಾಯಿ ತಪ್ಪು. ನಗರದ ಅಂಗಡಿಯವರು ಚೌಕಾಸಿ ಮಾಡಿ ಐನೂರು ಇಳಿಸಿದಾಗ ಆಗಲಿ ಎನ್ನುವ ನೇಕಾರ ಲಾಭದಲ್ಲಿ ಬಿಟ್ಟೆ ಎಂದುಕೊಳ್ಳುತ್ತಾನೆ. ಬಿಟ್ಟದ್ದು ಅಸಲಿನಲ್ಲಿ.

ಮಗ್ಗದ ಒಡೆಯರು ನೇಕಾರರಿಗೆ ಹಾಸು, ಹೊಕ್ಕಿನ ನೂಲು, ಜರಿ ಕೊಡುವಾಗ ತೂಗಿ ಕೊಡುತ್ತಾರೆ, ಸೀರೆ ಬಂದಾಗ ತೂಗಿ ತೆಗೆದುಕೊಳ್ಳುತ್ತಾರೆ. ತಕ್ಕಡಿಯಲ್ಲಿ ಸೀರೆ, ಉಳಿದ ನೂಲಿನ ಲಡಿ, ತುಂಡಾದ ಎಳೆಗಳ ಸಣ್ಣ ಉಂಡೆ. ಮೂರೂ ಸೇರಿ ಕೊಟ್ಟ ತೂಕಕ್ಕೆ ಹತ್ತಿರ ಬರಬೇಕು. ಕಡಿಮೆ ಬಿದ್ದರೆ ಮಜೂರಿಯಲ್ಲಿ ಮುರಿಯುತ್ತಾರೆ. ನೋಡಿ, ಕಂಪ್ಯೂಟರ್ ಇಲ್ಲದೆಯೇ ಇದು ಅಚ್ಚುಕಟ್ಟಾದ ಮಾಹಿತಿ ವ್ಯವಸ್ಥೆ. ಗಿರಣಿಯಲ್ಲಿ ಇಲ್ಲದ್ದು ಮಗ್ಗದಲ್ಲಿದೆ. ಆದರೆ ಪುಸ್ತಕ ಒಡೆಯರ ಕೈಯಲ್ಲಿರುತ್ತದೆ. ಮುಂಗಡ ಎಷ್ಟು ಕೊಟ್ಟದ್ದು, ಎಷ್ಟು ಮುರಿದದ್ದು, ಇನ್ನೆಷ್ಟು ಬಾಕಿ ಎಂಬುದು ಆ ಒಂದೇ ಪುಸ್ತಕದಲ್ಲಿ. ನೇಕಾರರ ಮನೆಯಲ್ಲಿ ಅದರ ಜೋಡಿ ಪುಸ್ತಕ ಇಲ್ಲದಿದ್ದರೆ ಬೇರೆ ಕಡೆ ಹೆಚ್ಚಿನ ಮಜೂರಿ ಸಿಕ್ಕರೂ ಬಿಟ್ಟು ಹೋಗುವ ತೀರ್ಮಾನ ಅವರ ಕೈಯಲ್ಲಿರುವುದಿಲ್ಲ. ಮಾಹಿತಿ ಇರುವವರ ಕೈಯಲ್ಲೇ ನಿರ್ಧಾರವೂ ಇರುತ್ತದೆ.

ಒಡೆಯರ ಪುಸ್ತಕದಲ್ಲಾಗಲಿ ನೇಕಾರರ ಸಂಘದ ಪುಸ್ತಕದಲ್ಲಾಗಲಿ ಎಲ್ಲೂ ಇಲ್ಲದ ಒಂದು ಬಾಬತ್ತು ಇದೆ. ಲಡಿ ಬಿಡಿಸುವುದು, ಕಂಡಿಕೆ ಸುತ್ತುವುದು, ಹಾಸು ಜೋಡಿಸುವಾಗ ಎಳೆ ಹಿಡಿಯುವುದು ಮನೆಯ ಹೆಂಗಸರ, ವಯಸ್ಸಾದವರ ಕೆಲಸ. 2019-20ರ ನಾಲ್ಕನೇ ಕೈಮಗ್ಗ ಗಣತಿಯ ಪ್ರಕಾರ ದೇಶದ ಕೈಮಗ್ಗ ಕೆಲಸಗಾರರಲ್ಲಿ ಶೇ 72ರಷ್ಟು ಮಹಿಳೆಯರೇ. ಸೀರೆಯ ಮಜೂರಿ ಇಷ್ಟು ಎಂದು ಗೊತ್ತು ಮಾಡುವಾಗ ಮಗ್ಗದ ಮೇಲೆ ಕೂತವರ ದಿನಗಳನ್ನು ಎಣಿಸುತ್ತಾರೆ, ಕಂಡಿಕೆ ಸುತ್ತಿದ ಗಂಟೆಗಳನ್ನು ಎಣಿಸುವುದಿಲ್ಲ. ಒಂದು ತಿಂಗಳು ಮನೆಯವರೆಲ್ಲ ತಮ್ಮ ತಮ್ಮ ಗಂಟೆಗಳನ್ನು ಕ್ಯಾಲೆಂಡರಿನ ಮೇಲೆ ಬರೆದಿಟ್ಟು ನೋಡಿದರೆ, ಯಾವ ವಿನ್ಯಾಸ ನೇಯಬೇಕು ಯಾವುದನ್ನು ಬಿಡಬೇಕು ಎಂಬ ಅಭಿಪ್ರಾಯವೇ ಬದಲಾದೀತು. ಹೆಚ್ಚು ಮಜೂರಿಯ ಅಂಚಿನ ಸೀರೆ ಗಂಟೆಯ ಲೆಕ್ಕದಲ್ಲಿ ಸಾದಾ ಸೀರೆಗಿಂತ ಕಡಿಮೆ ಕೊಡುವುದು ಅಪರೂಪವಲ್ಲ.

ಮಾರಾಟವಾಗದೆ ಕಪಾಟಿನಲ್ಲಿ ಕೂತ ಸೀರೆಯ ವಿಷಯ ಬೇಗ ಮುಗಿಸುತ್ತೇನೆ. 8,000 ರೂಪಾಯಿ ಬಿದ್ದ ಸೀರೆ ವರ್ಷಕ್ಕೆ ಶೇ 12ರ ಬಡ್ಡಿಯಲ್ಲಿ ತಿಂಗಳಿಗೆ 80 ರೂಪಾಯಿ ತಿನ್ನುತ್ತದೆ. ಯಾವ ಬಣ್ಣ ಆರು ತಿಂಗಳಿಂದ ಕದಲಿಲ್ಲ ಎಂಬ ಪಟ್ಟಿ ಮದುವೆ ತಿಂಗಳ ಮುಂಚೆ ಕೈಗೆ ಸಿಕ್ಕರೆ ಹೊಸ ನೂಲಿಗೆ ಯಾವ ಬಣ್ಣ ಹಾಕಬೇಕು ಎಂಬ ಚರ್ಚೆಯೇ ಬೇಡ.

ಈ ಎರಡೂ ತಾಲ್ಲೂಕುಗಳ ರೈತರಿಗೆ ಲೆಕ್ಕದ ವ್ಯವಸ್ಥೆ ಎಂದರೆ ವ್ಯವಸಾಯ ಸೇವಾ ಸಹಕಾರ ಸಂಘ, ಅಂದರೆ ವಿಎಸ್‌ಎಸ್‌ಎನ್. ಸಹಕಾರ ಸಂಘ ಕರ್ನಾಟಕಕ್ಕೆ ಹೊಸದಲ್ಲ, ಗದಗ ಬಳಿಯ ಕಣಗಿನಹಾಳದಲ್ಲಿ 1905ರಲ್ಲೇ ಶುರುವಾಗಿತ್ತು. ಹೊಸದು ಅಂದರೆ ಕಂಪ್ಯೂಟರು. 2022ರ ಜೂನ್ 29ರಂದು ಕೇಂದ್ರ ಸಂಪುಟ ದೇಶದ ಇಂಥ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಒಂದೇ ಸಾಫ್ಟ್‌ವೇರಿಗೆ ತರುವ 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ನಬಾರ್ಡ್ ಅದನ್ನು ನಡೆಸುತ್ತಿದೆ, ಎಲ್ಲ ಸಂಘಗಳಿಗೂ ಒಂದೇ ಮಾದರಿಯ ಲೆಕ್ಕಪತ್ರ. ಯಾವ ಸದಸ್ಯರ ಸಾಲ ಯಾವ ದಿನಕ್ಕೆ ವಾಯಿದೆ, ಮುಂಗಾರಿಗೆ ಗೊಬ್ಬರ ಎಷ್ಟು ತರಿಸಬೇಕು, ಬಡ್ಡಿ ರಿಯಾಯಿತಿಯ ಹಣ ಎಷ್ಟು ಬರಬೇಕು ಎಂಬುದು ಡಿಸಿಸಿ ಬ್ಯಾಂಕಿಗೂ ಸಂಘದ ನಿರ್ದೇಶಕರಿಗೂ ಒಂದೇ ಹೊತ್ತಿಗೆ ಕಾಣಬೇಕೆಂಬುದು ಉದ್ದೇಶ. ಒಳ್ಳೆಯದೇ. ಕೈಬರಹದ ಪುಸ್ತಕದಲ್ಲಿ ಸಾಲದ ವಾಯಿದೆ ತಪ್ಪಿಹೋಗಿ ಶೂನ್ಯ ಬಡ್ಡಿಯ ಸೌಲಭ್ಯ ಕಳೆದುಕೊಂಡ ರೈತರ ಸಂಕಟ ಹಳ್ಳಿಗಳಲ್ಲಿ ಕೇಳಿಬರುವಂಥದ್ದೇ.

ಆದರೆ ಪರದೆಯ ಮೇಲಿನ ಅಂಕಿಯನ್ನು ದೇವರ ಮಾತೆಂದು ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ನಿನ ಅಂಚೆ ಸಂಸ್ಥೆ ಸಾಕ್ಷಿ. 1999ರಲ್ಲಿ ಅಲ್ಲಿನ ಅಂಚೆ ಕಚೇರಿಗಳಿಗೆ ಫುಜಿತ್ಸು ಕಂಪನಿಯ ‘ಹೊರೈಜನ್’ ಎಂಬ ಲೆಕ್ಕದ ವ್ಯವಸ್ಥೆ ಬಂತು. ಅದು ತೋರಿಸಿದ ಕೊರತೆ ಹಣವನ್ನು ನುಂಗಿದ್ದೀರಿ ಎಂದು ಸಣ್ಣ ಊರುಗಳ ಅಂಚೆ ಕಚೇರಿ ನಡೆಸುವವರ ಮೇಲೆ ಮೊಕದ್ದಮೆ ಹೂಡಿದರು. 900ಕ್ಕೂ ಹೆಚ್ಚು ಜನರಿಗೆ ಶಿಕ್ಷೆಯಾಯಿತು. ಸಾಫ್ಟ್‌ವೇರಿನಲ್ಲೇ ದೋಷ ಇತ್ತೆಂದು ನ್ಯಾಯಾಲಯ ಹೇಳಿದ್ದು 2019ರಲ್ಲಿ. ಆ ಶಿಕ್ಷೆಗಳನ್ನು ಒಟ್ಟಾಗಿ ರದ್ದು ಮಾಡಲು 2024ರಲ್ಲಿ ಸಂಸತ್ತು ಕಾನೂನನ್ನೇ ತರಬೇಕಾಯಿತು. ವಿಎಸ್‌ಎಸ್‌ಎನ್ ಕಾರ್ಯದರ್ಶಿಯ ಕುರ್ಚಿಯೂ ಅಂಥದ್ದೇ. ಮೇಲಿನಿಂದ ಬಂದ ಸಾಫ್ಟ್‌ವೇರು, ಕೆಳಗೆ ಒಬ್ಬನೇ ಮನುಷ್ಯ, ಲೆಕ್ಕ ಹೊಂದದಿದ್ದರೆ ಹೊಣೆ ಅವನದು.

ಹಳೆಯ ಪುಸ್ತಕದ ಬಾಕಿಗಳನ್ನು ಹೊಸ ಗಣಕಕ್ಕೆ ಏರಿಸುವ ಈ ದಿನಗಳಲ್ಲೇ ಅದಕ್ಕೆ ಮದ್ದು ಮಾಡಿಕೊಳ್ಳಬೇಕು. ಏರಿಸಿದ ಬಾಕಿಯನ್ನು ಸದಸ್ಯರಿಗೆ ಓದಿ ಹೇಳಿ ಸಹಿ ಪಡೆಯುವುದು, ಕಟ್ಟಿದ ಕಂತಿಗೆ ಅಲ್ಲೇ ಚೀಟಿ ಕೊಡುವುದು, ಗೊಬ್ಬರದ ಚೀಲಗಳನ್ನು ತಿಂಗಳಿಗೊಮ್ಮೆ ಎಣಿಸಿ ಪರದೆಯ ಜೊತೆ ತಾಳೆ ನೋಡುವುದು, ಯಾರು ಯಾವಾಗ ಯಾವ ನಮೂದನ್ನು ತಿದ್ದಿದರು ಎಂಬ ಜಾಡು ಅಳಿಸದಂತೆ ಉಳಿಸುವುದು. ಕೊನೆಯದನ್ನು ನಮ್ಮ ದೇಶದ ಕಂಪನಿಗಳಿಗೆ 2023ರ ಏಪ್ರಿಲ್ 1ರಿಂದ ಕಾನೂನೇ ಕಡ್ಡಾಯ ಮಾಡಿದೆ. ಪಾಲುದಾರಿಕೆಯ ಎಣ್ಣೆ ಗಿರಣಿಗೆ, ಮಗ್ಗದ ಒಡೆಯರಿಗೆ ಆ ನಿಯಮ ತಾಗುವುದಿಲ್ಲ. ಅವರು ತಾವಾಗಿ ಒಪ್ಪಿಕೊಂಡರೆ ಉಂಟು.